ಅಕ್ಷರಗಳ ನಡುವಣ ಎಡೆ

ವರ್ಣಗಳ ಅತ್ಯಂತ ಸಾಮೀಪ್ಯಕ್ಕೆ ವ್ಯಾಕರಣಶಾಸ್ತ್ರದಲ್ಲಿ ಸಂಹಿತೆ ಎಂದು ಹೆಸರು. ಭಗವಾನ್ ಪಾಣಿನಿಯು ಈ ಸಂಜ್ಞೆಯನ್ನು ಅಷ್ಟಾಧ್ಯಾಯಿಯಲ್ಲಿ ಸ್ಪಷ್ಟವಾಗಿ ವಿಧಿಸಿರುವನು. ಸಂಧಿಕಾರ್ಯಗಳಿಗೆಲ್ಲ ಈ ಸಾಮೀಪ್ಯವೇ ಆಧಾರ. ನಮ್ಮ ಕೇಶಿರಾಜನೂ ಶಬ್ದಮಣಿದರ್ಪಣದ ಮೊದಲ ಪ್ರಕರಣವನ್ನು ಸಂಧಿಗೇ ಮೀಸಲಾಗಿಟ್ಟನು. ಅಕ್ಷರಕ್ಕೆ ಅಕ್ಷರ ಎಷ್ಟು ಹತ್ತಿರವಿರಬೇಕು, ಎಲ್ಲಿ ಬಿಡಿಯಾಗಿ ನಿಲ್ಲಬೇಕು ಎಂಬ ವಿಚಾರವು ಹೀಗೆ ಶಾಸ್ತ್ರದ ಹೊಸ್ತಿಲಲ್ಲಿಯೇ ಇದೆ. ಕಿವಿಯ ವಿಷಯದಲ್ಲಿ ಪೂರ್ವಿಕರು ಇಷ್ಟು ಎಚ್ಚರ ವಹಿಸಿದ್ದರೂ ಕಣ್ಣಿಗೆ ಸಂಬಂಧಿಸಿದ ಅಚ್ಚಿನ ವಿಷಯದಲ್ಲಿ ನಾವು ತೋರುತ್ತಿರುವ ಔದಾಸೀನ್ಯ ಸೋಜಿಗದ್ದಾಗಿದೆ. ಅಚ್ಚಾದ ಪುಟದಲ್ಲಿ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಇರಬೇಕಾದ ತೆರಪನ್ನು ಅಳೆದು ಸರಿಪಡಿಸುವ ಕೆಲಸಕ್ಕೆ ಮುದ್ರಕರು ಕರ್ನಿಂಗ್ ಎನ್ನುವರು. ಕನ್ನಡದಲ್ಲಿ ಅದನ್ನು 'ಅಕ್ಷರಾಂತರ' ಎನ್ನೋಣವೆಂದರೆ ಬೇರೊಂದು ಅಕ್ಷರ ಎಂಬ ಅರ್ಥವೂ ಬಂದು ತೊಡಕಾಗುತ್ತದೆ. 'ಎಡೆ' ಎಂಬ ನಮ್ಮ ಮಾತೇ ಲೇಸು. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಎಡೆ ಸಲ್ಲುವಂತೆ ಸಾಲಿನಲ್ಲಿ ನಿಂತ ಅಕ್ಷರಗಳಿಗೂ ಅದು ಸಲ್ಲಬೇಕು.

ಪದಗಳ ನಡುವೆ ತೆರಪು ಬಿಡುವ ರೂಢಿ ನಮ್ಮಲ್ಲಿ ಪ್ರಾಚೀನವಲ್ಲ. ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಹೇಳಲಾಗುವ ಹಲ್ಮಿಡಿ ಶಾಸನದಿಂದ ಹಿಡಿದು ಓಲೆಗರಿಯ ಕಟ್ಟುಗಳವರೆಗೆ ಬರವಣಿಗೆ ಒಂದೇ ಹರಿವು. ಪದಚ್ಛೇದವು ಓದುವವನ ಹೊಣೆ. ಅದಕ್ಕೆ ಗುರುಮುಖದ ಶಿಕ್ಷಣವಿತ್ತು. ಆದರೆ ಆ ಹರಿವಿನಲ್ಲಿ ಒಂದು ನ್ಯಾಯವಿತ್ತು. ಕಂಟದಿಂದ ಕೊರೆಯುವ ಲಿಪಿಕಾರನ ಕೈ ಪ್ರತಿಯೊಂದು ಅಕ್ಷರವನ್ನೂ ಅದರ ಹಿಂದಿನದನ್ನು ನೋಡಿಕೊಂಡೇ ಕೂರಿಸುತ್ತಿತ್ತು. ಒತ್ತು ಕೆಳಗಿಳಿದರೆ ಮುಂದಿನ ಅಕ್ಷರವನ್ನು ಅದರ ಮೇಲಕ್ಕೆ ಕೊಂಚ ಸರಿಸುವುದು ಕೈಗೆ ತಾನಾಗಿ ಬರುತ್ತಿತ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿಯೂ ಅಕ್ಷರ ಮೂಡುವುದು ಬರೆಯುವವನ ಕೈಯಿಂದಲೇ ಆದ್ದರಿಂದ ಅಲ್ಲಿಯವರೆಗೆ ಈ ನ್ಯಾಯಕ್ಕೆ ಭಂಗ ಬರಲಿಲ್ಲ.

ಭಂಗ ಬಂದದ್ದು ಸೀಸದ ಮೊಳೆಯಿಂದ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂದಿತು. ಆ ಮಹಾಗ್ರಂಥವನ್ನು ಮೊಳೆ ಮೊಳೆಯಾಗಿ ಜೋಡಿಸಿದವರ ತಾಳ್ಮೆಗೆ ಕನ್ನಡಿಗರು ಋಣಿಗಳು. ಆದರೆ ಮೊಳೆಯ ಸ್ವಭಾವವೇ ಬೇರೆ. ಪ್ರತಿ ಮೊಳೆಯೂ ಚೌಕನಾದ ಒಂದು ಲೋಹದ ತುಂಡು. ಪಕ್ಕದ ಮೊಳೆ ಯಾವುದೆಂಬುದು ಅದಕ್ಕೆ ತಿಳಿಯದು. ಎಡೆಯನ್ನು ಹೆಚ್ಚಿಸಬೇಕಾದರೆ ನಡುವೆ ಕಾಗದದ ಚೂರನ್ನೋ ತೆಳು ತಗಡನ್ನೋ ಸೇರಿಸಬಹುದು. ಕುಗ್ಗಿಸಬೇಕಾದರೆ ಲೋಹವನ್ನೇ ಅರದಿಂದ ತಿಕ್ಕಬೇಕು. ಪಾಶ್ಚಾತ್ಯ ಮುದ್ರಕರು ಕೆಲವು ಅಕ್ಷರಗಳ ಮುಖವು ಮೊಳೆಯ ಮೈಯಿಂದ ಹೊರಚಾಚಿ ಪಕ್ಕದ ಮೊಳೆಯ ಭುಜದ ಮೇಲೆ ಒರಗುವಂತೆ ಎರಕ ಹೊಯ್ಯುತ್ತಿದ್ದರು. ಹಾಗೆ ಹೊರಚಾಚಿದ ಭಾಗಕ್ಕೇ ಕರ್ನ್ ಎಂದು ಹೆಸರು. ಮೂಲೆ ಎಂಬರ್ಥದ ಫ್ರೆಂಚ್ ಶಬ್ದದಿಂದ ಅದು ಬಂದುದು. ಆ ಚಾಚು ಬಲು ಬೇಗ ಮುರಿಯುತ್ತಿತ್ತು.

ರೋಮನ್ ಲಿಪಿಗೆ ಈ ತೊಂದರೆ ಅಷ್ಟು ದೊಡ್ಡದಲ್ಲ. 'ಎ' ಎಂಬ ದೊಡ್ಡಕ್ಷರದ ಪಕ್ಕದಲ್ಲಿ 'ವಿ' ಬಂದಾಗ ಎರಡೂ ಓರೆಗೆರೆಗಳ ನಡುವೆ ಅನಾವಶ್ಯಕ ಬಯಲು ಕಾಣುತ್ತದೆ. ಇಂತಹ ಜೋಡಿಗಳನ್ನು ಪಟ್ಟಿಮಾಡಿ ಒಂದೊಂದಕ್ಕೂ ಇಷ್ಟಿಷ್ಟು ಕುಗ್ಗಿಸು ಎಂದು ಹೇಳಿದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಕನ್ನಡದ ವಿಷಯ ಹಾಗಲ್ಲ. ನಮ್ಮಲ್ಲಿ ವ್ಯಂಜನಗಳೇ ಮೂವತ್ತನಾಲ್ಕು. ಅವಕ್ಕೆ ಕಾಗುಣಿತ, ಅದರ ಮೇಲೆ ಸಜಾತೀಯ ವಿಜಾತೀಯ ಒತ್ತುಗಳು, 'ಸ್ವಾತಂತ್ರ್ಯ'ದಂತಹ ಪದದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಜೋಡಿಗಳನ್ನು ಪಟ್ಟಿಮಾಡಹೊರಟವನು ಸಮುದ್ರದ ಅಲೆ ಎಣಿಸಿದಂತೆ. ಇದಕ್ಕಿಂತಲೂ ಮುಖ್ಯವಾದ ಭೇದವೊಂದುಂಟು. ರೋಮನ್ ಲಿಪಿಯಲ್ಲಿ ಎಡೆಯೆಂಬುದು ಬಲಕ್ಕೂ ಎಡಕ್ಕೂ ಸೇರಿದ ವಿಷಯ; ಕನ್ನಡದಲ್ಲಿ ಅದು ಮೇಲಕ್ಕೂ ಕೆಳಕ್ಕೂ ಸೇರಿದ್ದು. ಒತ್ತು ಅಕ್ಷರದ ಕೆಳಗೆ ಬಲಕ್ಕೆ ಇಳಿಯುತ್ತದೆ. ಅದಕ್ಕೆ ಕೆಳಗೆ ಜಾಗ ಕೊಟ್ಟೊಡನೆ ಮೇಲೆ ಬಯಲಾಗುತ್ತದೆ.

'ಕನ್ನಡವನ್ನು' ಎಂಬ ಒಂದೇ ಪದವನ್ನು ಪರೀಕ್ಷಿಸಬಹುದು. ಅದರಲ್ಲಿ ನಕಾರದ ಒತ್ತು ಎರಡು ಬಾರಿ ಬಂದಿದೆ. ಕೊನೆಯ 'ನ್ನು' ಎಂಬಲ್ಲಿ ಉಕಾರದ ಕೊಂಬು ಬಲಕ್ಕೆ ಚಾಚಿ ಒತ್ತಿನ ಮೇಲಿನ ಬಯಲನ್ನು ತುಂಬುತ್ತದೆ, ಅಲ್ಲಿ ದೋಷವಿಲ್ಲ. ಮೊದಲ 'ನ್ನ' ಎಂಬಲ್ಲಿ ಕೊಂಬಿಲ್ಲ. ಒತ್ತಿನ ಮೇಲೆ ಬರಿಯ ಬಿಳಿ ಜಾಗ. ಒತ್ತುಗಳನ್ನು ಬೇರೆ ಮೊಳೆಗಳಾಗಿ ಎರಕ ಹೊಯ್ದು ಅಕ್ಷರದ ಪಕ್ಕದಲ್ಲಿ ಜೋಡಿಸುತ್ತಿದ್ದ ಪದ್ಧತಿಯಲ್ಲಿ ಈ ಬಿಳಿ ಜಾಗವು ಪದವನ್ನು ಸೀಳಿ 'ಕನ್ನ ಡ' ಎಂದು ಮಾಡುತ್ತಿತ್ತು. ನಮ್ಮ ನುಡಿಯ ಹೆಸರಿಗೇ ಕನ್ನ ಬಿದ್ದಂತಾಯಿತು! 'ಅಕ್ಕಸಾಲಿಗ'ನ ಗತಿಯೂ ಇದೇ. ಒತ್ತಿನ ಬಳಿ ಎಡೆ ಹೆಚ್ಚಾದರೆ ಚಿನ್ನದ ಕೆಲಸದವನು ಮಾಯವಾಗಿ ಒಬ್ಬ ಅಕ್ಕನೂ ಒಬ್ಬ ಸಾಲಿಗನೂ ಪ್ರತ್ಯಕ್ಷರಾಗುತ್ತಾರೆ. ಹಾಗೆಂದು ಎಲ್ಲೆಡೆಯೂ ಮುಂದಿನ ಅಕ್ಷರವನ್ನು ಒತ್ತಿನ ಮೇಲಕ್ಕೆ ಎಳೆದುಬಿಟ್ಟರೆ, ಆ ಮುಂದಿನ ಅಕ್ಷರಕ್ಕೂ ಕೆಳಗೆ ಏನಾದರೂ ಇದ್ದಾಗ ಎರಡೂ ಡಿಕ್ಕಿ ಹೊಡೆಯುತ್ತವೆ. ಆದಕಾರಣ ಇದಕ್ಕೆ ಏಕಸೂತ್ರವಿಲ್ಲ. ಹಿಂದಿನ ಅಕ್ಷರದ ಬಲ ಅಂಚು, ಮುಂದಿನದರ ಎಡ ಅಂಚು, ಎರಡರ ತಳ, ಇಷ್ಟನ್ನೂ ಏಕಕಾಲದಲ್ಲಿ ನೋಡಬೇಕು.

ಕಳೆದ ಶತಮಾನದಲ್ಲಿ ಕೆಲವರು ಇದಕ್ಕೆ ಕಂಡುಕೊಂಡ ಪರಿಹಾರ ವಿಲಕ್ಷಣವಾದುದು. ಒತ್ತು ಯಂತ್ರಕ್ಕೆ ಒಗ್ಗುವುದಿಲ್ಲ, ಆದುದರಿಂದ ಲಿಪಿಯನ್ನೇ ತಿದ್ದಬೇಕು, ಒತ್ತುಗಳನ್ನು ಸಾಲಿಗೇ ಏರಿಸಬೇಕು ಎಂಬ ವಾದ ಬೆರಳಚ್ಚು ಯಂತ್ರದ ಕಾಲದಲ್ಲಿ ಬಲವಾಗಿ ಕೇಳಿಬಂದಿತು. ಪಾದರಕ್ಷೆ ಬಿಗಿಯಾಯಿತೆಂದು ಪಾದವನ್ನು ಕತ್ತರಿಸುವ ಸಲಹೆಯಿದು. ಕನ್ನಡಿಗರು ಅದಕ್ಕೆ ಕಿವಿಗೊಡದಿದ್ದುದು ಒಳ್ಳೆಯದೇ ಆಯಿತು, ಏಕೆಂದರೆ ಕೊನೆಗೆ ಬದಲಾದದ್ದು ಯಂತ್ರ.

ಆದರೆ ಗಣಕಯಂತ್ರವೂ ಮೊದಮೊದಲು ಸೀಸದ ಮೊಳೆಯ ದೋಷವನ್ನೇ ಮುಂದುವರಿಸಿತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಪ್ರಚಾರದಲ್ಲಿದ್ದ ಕನ್ನಡ ಫಾಂಟುಗಳಲ್ಲಿ ಸ್ಥಾನಗಳಿದ್ದುದು ಹೆಚ್ಚೆಂದರೆ 256. ಅಷ್ಟರಲ್ಲಿ ಇಡೀ ಲಿಪಿಯನ್ನು ಅಡಕಮಾಡಲು ಅಕ್ಷರವನ್ನು ತುಂಡುತುಂಡಾಗಿಸಿ ಮೈ ಒಂದು ಕಡೆ, ಗುಡಿಸು ಒಂದು ಕಡೆ, ಒತ್ತು ಇನ್ನೊಂದು ಕಡೆ ಇಟ್ಟರು. ಒತ್ತಿಗೆ ತನ್ನದೇ ಅಗಲ ಉಳಿಯಿತು. 'ಕನ್ನ ಡ'ವೂ ಉಳಿಯಿತು. 1991ರಲ್ಲಿ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 1996ರಲ್ಲಿ ಪ್ರಕಟವಾದ ಓಪನ್‌ಟೈಪ್ ವ್ಯವಸ್ಥೆಯು ಅಕ್ಷರಗಳನ್ನು ಅಂಚಿನ ಆಕಾರಕ್ಕೆ ತಕ್ಕಂತೆ ಗಣಗಳಾಗಿ ವಿಂಗಡಿಸಿ, ಗಣಕ್ಕೂ ಗಣಕ್ಕೂ ನಡುವಣ ಎಡೆಯನ್ನು ನಿಗದಿಮಾಡಲು ಅನುಕೂಲ ಕಲ್ಪಿಸಿತು. ಒಂದಕ್ಷರದ ಎತ್ತರದ ಅಳತೆಯನ್ನು ಸಾವಿರ ಭಾಗ ಮಾಡಿ ಅದರಲ್ಲಿ ಒಂದು ಭಾಗದಷ್ಟು ಸೂಕ್ಷ್ಮವಾಗಿ ಎಡೆಯನ್ನು ತಿದ್ದಬಹುದು. ಅರ ಬೇಡ, ಕಾಗದದ ಚೂರು ಬೇಡ. ಇನ್ನೊಂದು ವಿಶೇಷವನ್ನು ಪಂಡಿತರು ಗಮನಿಸಬೇಕು. ರೋಮನ್ ಲಿಪಿಗೆ ಎಡೆ ತಿದ್ದುವ ಗುಣವು ಐಚ್ಛಿಕ. ಬಳಸುವವನು ಬೇಡವೆಂದರೆ ನಿಲ್ಲಿಸಬಹುದು. ಭಾರತೀಯ ಲಿಪಿಗಳಿಗಾದರೋ 'ಡಿಸ್ಟ್' ಎಂಬ ಬೇರೊಂದು ಗುಣವನ್ನು ಇರಿಸಿದ್ದಾರೆ. ಅದು ಸದಾ ಜಾರಿಯಲ್ಲಿರಬೇಕಾದುದು. ಅಲಂಕಾರವಾಗಿದ್ದುದು ನಮ್ಮ ಲಿಪಿಯ ಮಟ್ಟಿಗೆ ನಿಯಮವಾಗಿ ನಿಂತಿತು. ಎಡೆಯು ನಮಗೆ ಸೊಗಸಿನ ವಿಷಯವಲ್ಲ, ವ್ಯಾಕರಣದ ವಿಷಯ ಎಂಬುದನ್ನು ಯಂತ್ರ ಕಟ್ಟಿದವರು ಒಪ್ಪಿಕೊಂಡಿರುವಾಗ ಕನ್ನಡದ ಅಧ್ಯಾಪಕರು ಒಪ್ಪಲು ಹಿಂಜರಿಯಬೇಕೆ?

ಸಾಧನವಿದ್ದೂ ಕಾಟ ತಪ್ಪಿಲ್ಲ. ಇದಕ್ಕೆ ಮುಖ್ಯ ಕಾರಣ ಸಾಲುಗಳ ಎರಡೂ ಅಂಚುಗಳನ್ನು ಸಮಮಾಡುವ ಹಟ. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ನೀಳವಾಗುತ್ತವೆ. ಕಿರಿದಾದ ಅಂಕಣದಲ್ಲಿ ಒಂದು ಸಾಲಿಗೆ ಮೂರೋ ನಾಲ್ಕೋ ಪದ ಹಿಡಿದರೆ ಹೆಚ್ಚು. ಉಳಿದ ಜಾಗವನ್ನು ತುಂಬಲು ಯಂತ್ರವು ಪದಗಳ ನಡುವೆಯಲ್ಲದೆ ಅಕ್ಷರಗಳ ನಡುವೆಯೂ ತೆರಪನ್ನು ಸುರಿಯುತ್ತದೆ. ಸಾಲಿನ ಕೊನೆಯಲ್ಲಿ ಅಕ್ಷರದ ಗಡಿ ನೋಡಿ ಅಡ್ಡಗೆರೆಯಿಟ್ಟು ಪದವನ್ನು ಮುರಿಯುವುದು, ಇಲ್ಲವೆ ಬಲ ಅಂಚನ್ನು ಏರುಪೇರಾಗಿಯೇ ಬಿಡುವುದು ಇದಕ್ಕಿಂತ ಎಷ್ಟೋ ಮೇಲು. ಎರಡನೆಯ ಕಾರಣ ಅನುಕರಣ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬಿಡಿಬಿಡಿಯಾಗಿ ಹರಡಿದರೆ ಗಾಂಭೀರ್ಯ ಬರುತ್ತದೆಂದು ಕಂಡವರು 'ಪ್ರ ಶ ಸ್ತಿ ಪ ತ್ರ' ಎಂದು ಹರಡುತ್ತಾರೆ. ಜರ್ಮನರು ತಮ್ಮ ಹಳೆಯ ಫ್ರಾಕ್ಟೂರ್ ಲಿಪಿಯಲ್ಲಿ ಒತ್ತಿ ಹೇಳಬೇಕಾದ ಪದವನ್ನು ಹೀಗೆಯೇ ಹರಡುತ್ತಿದ್ದರು. ಆದರೆ ಕೂಡಿ ನಿಲ್ಲಬೇಕಾದ 'ಸಿಎಚ್', 'ಸಿಕೆ' ಮೊದಲಾದ ಜೋಡಕ್ಷರಗಳನ್ನು ಆಗಲೂ ಬಿಡಿಸುತ್ತಿರಲಿಲ್ಲ. ಪರರನ್ನು ಅನುಕರಿಸುವವರು ಅವರ ವಿವೇಕವನ್ನೂ ಅನುಕರಿಸಬಹುದಲ್ಲವೆ?

ಓದಲು ಬರುತ್ತದೆಯಲ್ಲ, ಸಾಲದೆ ಎಂದು ಆಕ್ಷೇಪಿಸುವವರಿದ್ದಾರೆ. ಓದಲು ಬರುವುದು ಬಲ್ಲವರಿಗೆ. ಎರಡನೆಯ ತರಗತಿಯ ಮಗು ಒತ್ತಕ್ಷರವನ್ನು ಕಲಿಯುವಾಗ ಒತ್ತು ಯಾರದೆಂಬುದನ್ನು ಕಣ್ಣಿನಿಂದಲೇ ನಿರ್ಣಯಿಸುತ್ತದೆ. ಒತ್ತು ಹಿಂದಿನ ಅಕ್ಷರದಿಂದ ಸಿಡಿದು ಮುಂದಿನದರ ಬುಡಕ್ಕೆ ಬಂದು ನಿಂತರೆ ಮಗು ಅದನ್ನು ಮುಂದಿನದಕ್ಕೆ ಸೇರಿಸಿ ಓದುತ್ತದೆ. ಏಟು ಬೀಳುವುದು ಮಾತ್ರ ಮಗುವಿಗೆ. ಮಗುವಿನಂತೆಯೇ ಓದುವ ಇನ್ನೊಬ್ಬ ಓದುಗನೂ ಇದ್ದಾನೆ. ಹಳೆಯ ಪುಸ್ತಕದ ಪುಟವನ್ನು ಚಿತ್ರವಾಗಿ ಗ್ರಹಿಸಿ ಅಕ್ಷರಗಳಾಗಿ ಪರಿವರ್ತಿಸುವ ಗಣಕವು ಎಡೆಯನ್ನೇ ನಂಬಿ ಪದಚ್ಛೇದ ಮಾಡುತ್ತದೆ. ಅದರ ಕಣ್ಣಿಗೆ 'ಕನ್ನ ಡ' ಎಂದು ಬಿದ್ದರೆ ಎರಡು ಪದ. ಮುಂದೆ ಯಾರೋ 'ಕನ್ನಡ' ಎಂದು ಹುಡುಕಿದಾಗ ಆ ಪುಟ ಕಾಣಿಸುವುದೇ ಇಲ್ಲ. ಹುಳುವಿನ ಬಾಯಿಂದ ತಪ್ಪಿಸಿಕೊಂಡು ಬಂದ ಗ್ರಂಥ ಹೀಗೆ ತೆರಪಿನಲ್ಲಿ ಬಿದ್ದು ಕಳೆದುಹೋಗುತ್ತದೆ.

ವಿದ್ಯಾಸಂಸ್ಥೆಗಳ ಸಂಚಿಕೆಗಳಿಗೆ ದಾನಿಗಳು ಹಣ ಕೊಡುವಾಗ ಹೊಳೆಯುವ ಕಾಗದ, ಬಣ್ಣದ ಚಿತ್ರ, ಚಿನ್ನದ ಲೇಪದ ಹೊದಿಕೆ ಇವುಗಳ ವೆಚ್ಚವನ್ನು ಸಂತೋಷದಿಂದ ವಹಿಸುತ್ತಾರೆ. ಆ ಹಣದಲ್ಲಿ ಒಂದು ಪಾಲನ್ನು ಒತ್ತುಗಳ ಎಡೆಯನ್ನು ಕ್ರಮವಾಗಿ ನಿಗದಿಮಾಡಿರುವ ಒಳ್ಳೆಯ ಫಾಂಟಿಗೂ, ಎರಡನೆಯ ಕರಡನ್ನು ನೋಡುವ ಪಂಡಿತನ ಸಂಭಾವನೆಗೂ ಎತ್ತಿಟ್ಟರೆ ಹೆಚ್ಚು ಬಾಳುವ ಕೆಲಸವಾದೀತು. ಕರಡನ್ನು ಗಣಕದ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಸಾಲದು. ಅಚ್ಚಾಗುವ ಅಳತೆಯಲ್ಲಿಯೇ ಕಾಗದದ ಮೇಲೆ ತೆಗೆಸಿ ನೋಡಬೇಕು. ಮೊದಲು ತಲೆಬರಹಗಳು, ಅವುಗಳಲ್ಲಿ ದೋಷ ದೊಡ್ಡದಾಗಿ ಕಾಣುವುದರಿಂದ. ಅನಂತರ ದಾನಿಗಳ ಪಟ್ಟಿ. ನಮ್ಮ ನಾಡಿನ ಸಿದ್ದಪ್ಪ, ಮಲ್ಲಣ್ಣ, ನೀಲಮ್ಮಂದಿರ ಹೆಸರುಗಳಲ್ಲಿ ಒತ್ತಿಲ್ಲದ ಹೆಸರೇ ವಿರಳ. 'ಸಿದ್ದ ಪ್ಪ' ಎಂದು ಇಬ್ಭಾಗವಾದ ಹೆಸರು ಕರಡಿನಲ್ಲಿ ತಪ್ಪಿಸಿಕೊಂಡರೆ ಅದೇ ಪಟ್ಟಿಯಿಂದ ಅಮೃತಶಿಲೆಯ ಫಲಕಕ್ಕೂ ಏರುತ್ತದೆ, ಅಲ್ಲಿ ತಿದ್ದುವವರಿಲ್ಲ.