ಪಗಾರ ಕೇಳುವ ಮೊದಲು ನೆಲ ಕೇಳಿ

ಸಜ್ಜೆ ರಾಶಿ ಮುಗಿದು, ಹೊಲದಲ್ಲಿ ತೊಗರಿ ಮಾತ್ರ ನಿಂತಿರುವ ಹೊತ್ತಿಗೆ ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಕಟ್ಟೆಯ ಮೇಲೆ ಕೂತವರದು ಒಂದೇ ಮಾತು. "ಈ ಸಲ ಯಾವ ಕಡಿಗೆ?" ಗುಳೆ ನಮಗೆ ಹೊಸದಲ್ಲ. ನಮ್ಮ ಅಪ್ಪನ ಕಾಲದಲ್ಲಿ ಗಂಗಾವತಿ ಕಡೆ ಭತ್ತ ಕೊಯ್ಯಲು ಹೋಗಿ, ಕೂಲಿಗೆ ಬಂದ ಭತ್ತ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು. ಈಗಿನ ಗುಳೆ ಬೇರೆ. ಗಂಡ, ಹೆಂಡತಿ, ಸಾಲಿಗೆ ಹೋಗುವ ಮಕ್ಕಳು, ಗ್ಯಾಸ್ ಸಿಲಿಂಡರ್ ಸಮೇತ ಇನ್ನೊಂದು ರಾಜ್ಯಕ್ಕೆ ಮನೆಯನ್ನೇ ಎತ್ತಿಕೊಂಡು ಹೋಗುವುದು.

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಸಂಸಾರ ಒಯ್ಯುವ ಊರನ್ನು ಮಾತ್ರ ಒಂದು ಫೋನಿನಲ್ಲಿ ಗೊತ್ತು ಮಾಡುತ್ತೇವೆ. ಯಾರು ಮೊದಲು ಫೋನ್ ಮಾಡಿದರೋ ಅವರ ಊರು. ನಾನು ಏಳನೇತ್ತ ಓದಿದವನು. ದೊಡ್ಡ ಮಾತು ಹೇಳಲು ಬಾರದು. ಆದರೆ ಈ ತಪ್ಪು ಒಂದು ಸಲ ಮಾಡಿದ್ದೇನೆ. ಈಗ ನನ್ನ ತಮ್ಮ ಅದೇ ದಾರಿಯಲ್ಲಿ ನಿಂತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮ ಒಂಬತ್ತು ವರ್ಷ ವಿರೂಪಾಪುರಗಡ್ಡೆಯಲ್ಲಿ ಅಡಿಗೆ ಕೆಲಸ ಮಾಡಿದವನು. ನಾವು ಗಡ್ಡಿ ಅನ್ನುತ್ತೇವೆ. ತುಂಗಭದ್ರೆಯ ಒಂದು ದಂಡೆಗೆ ಹಂಪಿಯ ವಿರೂಪಾಕ್ಷನ ಗುಡಿ, ಈ ಕಡೆ ಗಂಗಾವತಿ ತಾಲೂಕಿನ ಗಡ್ಡಿ. ಭತ್ತದ ಗದ್ದೆಗಳ ನಡುವೆ ಪರದೇಶದವರಿಗಾಗಿ ಗುಡಿಸಲು, ಹೋಟೆಲು, ರೆಸಾರ್ಟು ಎದ್ದಿದ್ದವು. ಸುತ್ತಲ ಹಳ್ಳಿಗಳ ಎಷ್ಟೋ ಹುಡುಗರು ಅಲ್ಲಿ ಅಡಿಗೆ ಮಾಡಿದರು, ಬಟ್ಟೆ ಒಗೆದರು, ಆಟೋ ಹೊಡೆದರು. ತಮ್ಮನ ಮನೆಗೆ ಸಿಮೆಂಟಿನ ಛತ್ತು ಬಂದದ್ದು ಗಡ್ಡಿಯ ದುಡ್ಡಿನಲ್ಲೇ.

ಆದರೆ ಆ ನೆಲದ ಕಾಗದ ಬೇರೆ ಮಾತು ಹೇಳುತ್ತಿತ್ತು. 1988ರ ಸರ್ಕಾರಿ ಪ್ರಕಟಣೆಯಲ್ಲೇ ಗಡ್ಡಿ ಹಂಪಿಯ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. 2002ರ ಕಾಯಿದೆಯಿಂದ ಹಂಪಿ ಪ್ರಾಧಿಕಾರ ಬಂತು. ನೋಟೀಸು, ಕೋರ್ಟು ಎಂದು ವರ್ಷಗಟ್ಟಲೆ ನಡೆದು 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಕಟ್ಟಡಗಳನ್ನು ತೆಗೆಯಬೇಕೆಂಬ ಆದೇಶ ಸರಿ ಎಂದಿತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿ ಬಂದವು. ಅದೇ ತಿಂಗಳ 25ಕ್ಕೆ ದೇಶಕ್ಕೆಲ್ಲ ಲಾಕ್‌ಡೌನ್. ತಮ್ಮ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

"ನಿಮ್ಮ ಮಾಲಕರಿಗೆ ಪರವಾನಿಗಿ ಇತ್ತೇನೋ?" ಎಂದು ಕೇಳಿದೆ.

"ನಾ ಅಡಿಗಿಯಾಂವ ಅಣ್ಣ. ಪರವಾನಿಗಿ ನಾ ಯಾಕ ಕೇಳ್ಲಿ?" ಅಂದ.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಹಂಪಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲದ ಕಾಗದ ಸರಿ ಇಲ್ಲದಿದ್ದರೆ ಮಾಲಕನಿಗೆ ಕಟ್ಟಡ ಹೋಗುತ್ತದೆ, ಕೆಲಸದವನಿಗೆ ಅನ್ನವೇ ಹೋಗುತ್ತದೆ. ಹಾಗಾಗಿ ಕೇಳಬೇಕಾದವನು ಕೆಲಸದವನೂ ಹೌದು.

ನನ್ನದೇ ಕಥೆ ಹೇಳುತ್ತೇನೆ. 2001ರಿಂದ ಮೂರು ವರ್ಷ ಒಂದರ ಹಿಂದೆ ಒಂದು ಬರ ಬಿತ್ತು. ನಮ್ಮ ಮಸಾರಿ ಹೊಲದಲ್ಲಿ ಬಿತ್ತಿದ ಬೀಜವೂ ತಿರುಗಿ ಬರಲಿಲ್ಲ. 2003ರಲ್ಲಿ ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಹೋದೆ. ನಮ್ಮೂರಿನವನೊಬ್ಬ ಅಲ್ಲಿದ್ದ, ಅಷ್ಟೇ ಕಾರಣ. ಕೂಲಿ ಊರಿನದಕ್ಕಿಂತ ಮೂರು ಪಟ್ಟು. ತಗಡಿನ ಶೆಡ್ಡಿಗೆ ತಿಂಗಳ ಬಾಡಿಗೆ ಕೊಡುತ್ತಿದ್ದೆ. ಬಾಡಿಗೆ ತೆಗೆದುಕೊಳ್ಳುವವನು ಜಾಗದ ಮಾಲಕನೇ ಅಲ್ಲವೆಂದು ತಿಳಿದದ್ದು ಖಾಲಿ ಮಾಡಿಸಲು ಗಾಡಿ ಬಂದ ದಿನ. ಎರಡು ತಾಸಿನಲ್ಲಿ ನಮ್ಮ ಪಾತ್ರೆ, ಹಾಸಿಗೆ ರಸ್ತೆ ಮೇಲಿದ್ದವು. ಮಗ ನಾಲ್ಕನೇತ್ತ ಅರ್ಧಕ್ಕೆ ಬಿಟ್ಟು ಬಂದಿದ್ದ. ಅಲ್ಲಿ ಸೇರಿಸಲಿಲ್ಲ. ತಿರುಗಿ ಬಂದಾಗ ಅವನ ಜೊತೆಯವರು ಮುಂದೆ ಹೋಗಿದ್ದರು. ನಾಚಿಕೆಗೆ ಮತ್ತೆ ಸಾಲಿ ಕಡೆ ಹಾಯಲಿಲ್ಲ. ಈಗ ಅವನಿಗೆ ಮೂವತ್ತರ ಮೇಲೆ. ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಒಳ್ಳೆಯ ಕೆಲಸಗಾರ. ಆದರೆ ಬರೆದದ್ದೇನಾದರೂ ಕೈಗೆ ಬಂದರೆ ನನ್ನ ಕಡೆ ಚಾಚುತ್ತಾನೆ. ಪ್ರತಿ ಸಲವೂ ನನಗೆ ಆ ತಗಡಿನ ಶೆಡ್ಡು ನೆನಪಾಗುತ್ತದೆ.

ಇದು ನನ್ನೊಬ್ಬನ ಹಣೆಬರಹವಲ್ಲ. ಕನ್ನಡದವರು ಬಹಳ ಇರುವ ವಾಸ್ಕೋದ ಬೈನಾದಲ್ಲಿ 2004ರ ಮಳೆಗಾಲದಲ್ಲಿ ಕೆಡವಿದರು, 2015ರಲ್ಲಿ ಮತ್ತೆ ಕೆಡವಿದರು. 2024ರಲ್ಲಿ ಸಾಂಗೋಲ್ಡದಲ್ಲಿ ಕೊಮುನಿದಾದ್ ಜಮೀನಿನ ಮೇಲಿದ್ದ ಮನೆಗಳು ಹೋದವು. ಕೊಮುನಿದಾದ್ ಅಂದರೆ ಊರಿನ ಮೂಲ ಮನೆತನಗಳ ಒಟ್ಟು ಆಸ್ತಿ. ಗೋವಾದವರನ್ನು ನಾನು ಬೈಯುವುದಿಲ್ಲ. ನಮ್ಮೂರ ಗಾಯರಾಣದಲ್ಲಿ ಯಾರೋ ಬಂದು ಶೆಡ್ಡು ಹಾಕಿದರೆ ನಾವೂ ಕೇಳುತ್ತೇವೆ. ನಾವು ಮೊದಲೇ ವಿಚಾರಿಸಲಿಲ್ಲ ಎಂಬುದು ನಮ್ಮ ತಪ್ಪು.

ಸಂಸಾರ ಸಮೇತ ಊರು ಬದಲಿಸಿ ಗೆದ್ದವರನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿ ಕಡೆಯ ರೈತರು ಗಂಗಾವತಿ, ಕಾರಟಗಿ, ಸಿಂಧನೂರು ಭಾಗಕ್ಕೆ ಬಂದರು. ಇವತ್ತಿಗೂ ಆ ಊರುಗಳ ಹೆಸರಿನ ಹಿಂದೆ 'ಕ್ಯಾಂಪ್' ಎಂದಿದೆ. ಅವರು ಬಂದದ್ದೂ ಬೇರೆ ರಾಜ್ಯಕ್ಕೆ, ಬೇರೆ ಭಾಷೆಗೆ. ಆದರೆ ನೀರು ಎಲ್ಲಿ ಹರಿಯುತ್ತದೆಂದು ನೋಡಿ ಬಂದರು, ನೆಲ ಕೊಂಡರು, ನಾಲ್ಕು ಮನೆ ಒಟ್ಟಿಗೆ ಬಂದು ಕೂತರು. ಅವರ ಕೈಯಲ್ಲಿ ದುಡ್ಡಿತ್ತು, ನಮ್ಮ ಕೈ ಖಾಲಿ ಎನ್ನುವುದು ನಿಜ. ನೆಲ ಕೊಳ್ಳಲು ದುಡ್ಡು ಬೇಕು. ನೆಲ ಯಾರದೆಂದು ಕೇಳಲು ದುಡ್ಡು ಬೇಕಾಗಿಲ್ಲ.

ಈಗ ತಮ್ಮನ ಲೆಕ್ಕ. ಅವನಿಗೆ ಇಬ್ಬರು ಮಕ್ಕಳು. ಮಗಳು ಹತ್ತನೇತ್ತ, ಮಗ ಆರನೇತ್ತ. ಗೋವಾದ ಹೋಟೆಲಿನವರೊಬ್ಬರು ತಿಂಗಳಿಗೆ 22,000 ಕೊಡುತ್ತೇವೆ ಎಂದಿದ್ದಾರೆ. ಪರದೇಶದವರ ಅಡಿಗೆ ಗೊತ್ತಿದ್ದವನಿಗೆ ಅಲ್ಲಿ ಬೆಲೆ ಇದೆ. ಪರಿಚಯದವರೊಬ್ಬರ ಮೂಲಕ ಸೊಲ್ಲಾಪುರದಲ್ಲೂ ಕೇಳಿಸಿದೆವು. ಅಲ್ಲಿ 14,000. ಹೈದರಾಬಾದು, ಪುಣೆಯ ಮಾತೂ ಬಂತು, ಅಲ್ಲಿ ಗೊತ್ತಾದ ಕೆಲಸ ಸಿಗಲಿಲ್ಲ. ಗೋವಾ ಮುಂದೆ ಸೊಲ್ಲಾಪುರ ಯಾವ ಲೆಕ್ಕ ಎಂದು ಎಲ್ಲರೂ ನಕ್ಕರು. ಒಂದು ರಾತ್ರಿ ಮಗಳ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆವು.

ಸಂಸಾರ ಸಮೇತ ಗೋವಾಕ್ಕೆ ಹೋದರೆ ಕಾಗದ ಸರಿ ಇರುವ ಒಂದು ಕೋಣೆಗೆ 7,000, ಲೈಟು ನೀರಿಗೆ 1,000. ಉಳಿಯುವುದು 14,000. ಆದರೆ ಆ ಹೋಟೆಲು ನಡೆಯುವುದು ಏಳು ತಿಂಗಳು. ಮಳೆಗಾಲದ ಐದು ತಿಂಗಳು ಪಗಾರ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. 98,000ದಲ್ಲಿ 35,000 ಕಳೆದರೆ ವರ್ಷಕ್ಕೆ 63,000. ಸೊಲ್ಲಾಪುರದಲ್ಲಿ ಬಾಡಿಗೆ, ಲೈಟು ಸೇರಿ 3,500. ಹನ್ನೆರಡು ತಿಂಗಳು 10,500ರಂತೆ 1,26,000. ಅದೇ ತಮ್ಮ ಒಬ್ಬನೇ ಗೋವಾಕ್ಕೆ ಹೋದರೆ ಊಟ, ಮಲಗಲು ಜಾಗ ಹೋಟೆಲಿನದೇ. ಏಳು ತಿಂಗಳಿಗೆ 1,54,000, ಮಳೆಗಾಲದಲ್ಲಿ ಬಿತ್ತನೆಗೆ ಹೊಲಕ್ಕೂ ಬರುತ್ತಾನೆ. ಬರೆದ ಮೇಲೆ ಯಾರೂ ನಗಲಿಲ್ಲ.

ಇದರಿಂದ ನನಗೆ ತಿಳಿದದ್ದು ಇಷ್ಟು. ಒಬ್ಬಂಟಿ ಗಂಡಸು ಹೋಗುವ ಊರು ಬೇರೆ, ಸಂಸಾರ ಒಯ್ಯುವ ಊರು ಬೇರೆ. ಒಬ್ಬನೇ ಹೋಗುವುದಾದರೆ ಪಗಾರ ನೋಡು. ಸಂಸಾರ ಒಯ್ಯುವುದಾದರೆ ಪಗಾರವನ್ನು ಕೊನೆಗೆ ನೋಡು.

ಮೊದಲು ತಲೆ ಮೇಲಿನ ಸೂರು ಯಾರ ನೆಲದ ಮೇಲಿದೆ ಎಂದು ಕೇಳಬೇಕು. ಬಾಡಿಗೆಗೆ ಪಾವತಿ ಕೊಡುತ್ತಾನೋ, ಕರೆಂಟು ಬಿಲ್ಲು ಯಾರ ಹೆಸರಲ್ಲಿ ಬರುತ್ತದೆ ನೋಡಬೇಕು. ಎರಡೂ ಇಲ್ಲವೆಂದರೆ ಅರ್ಧ ಬಾಡಿಗೆಗೆ ಕೊಟ್ಟರೂ ಬೇಡ.

ಎರಡನೆಯದು ಸಾಲಿ. ಸೊಲ್ಲಾಪುರ ಮಹಾರಾಷ್ಟ್ರಕ್ಕೆ ಸೇರಿದರೂ ಪೇಟೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಆ ಜಿಲ್ಲೆಯಲ್ಲಿ ಕನ್ನಡ ಸಾಲಿಗಳಿವೆ. ಪುಣೆಯಲ್ಲಿ ಕನ್ನಡ ಸಂಘದ ಶಾಲೆ, ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗ ಶಾಲೆ ಇವೆ. ಆದರೆ ಊರಲ್ಲಿ ಸಾಲಿ ಇದ್ದರೆ ಸಾಲದು, ನಾವು ಇರುವ ಓಣಿಯಿಂದ ಮಗು ನಡೆದು ಹೋಗುವಷ್ಟು ಹತ್ತಿರ ಇರಬೇಕು. ಪರೀಕ್ಷೆ ಮುಗಿಯದೆ ಮಕ್ಕಳನ್ನು ಎಬ್ಬಿಸಬಾರದು. ಎಬ್ಬಿಸುವಾಗ ಟಿಸಿ ಕೈಯಲ್ಲಿರಬೇಕು.

ಸಾಲಿಗೇ ಹೊಂದಿದ ಇನ್ನೊಂದು ಮಾತಿದೆ. ನಮ್ಮ ರಾಜ್ಯದ ಜಾತಿ ಪ್ರಮಾಣಪತ್ರ ಬೇರೆ ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ನಮ್ಮ ತಾಂಡಾಗಳ ಲಂಬಾಣಿಗರನ್ನೇ ನೋಡ್ರಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಹಾಗೆಂದು ಇಲ್ಲಿಂದ ಹೋದವರಿಗೆ ಅಲ್ಲಿನದು ತಾನಾಗಿ ಸಿಗುವುದಿಲ್ಲ. ಗೋವಾದ ಸರ್ಕಾರಿ ನೌಕರಿಗೆ 15 ವರ್ಷ ಅಲ್ಲಿದ್ದ ದಾಖಲೆ ಕೇಳುತ್ತಾರೆ. ಇಲ್ಲಿ ನಮ್ಮ ಮಕ್ಕಳಿಗೆ 371(ಜೆ) ಇದೆ. ಹತ್ತನೇತ್ತ ಮುಟ್ಟಿದ ಮಗು ಇದ್ದವರು ಇದನ್ನು ತೂಗಿ ನೋಡಬೇಕು.

ಮೂರನೆಯದು ರೇಷನ್ನು ಮತ್ತು ಊರ ದಾರಿ. ಈಗ ಒಂದೇ ರೇಷನ್ ಕಾರ್ಡಿಗೆ ಬೇರೆ ರಾಜ್ಯದಲ್ಲೂ ಕೇಂದ್ರದ ಪಾಲಿನ ಕಾಳು ಸಿಗುತ್ತದೆ, ಆಧಾರ್ ಜೋಡಣೆಯಾಗಿ ಬೆರಳು ಒತ್ತಿದರೆ ಆಯಿತು. ನಮ್ಮ ರಾಜ್ಯ ಕೊಡುವ ಹೆಚ್ಚಿನದು ಅಲ್ಲಿ ಇಲ್ಲ. ಹೆಣ್ಣುಮಕ್ಕಳ ಪುಕ್ಕಟೆ ಬಸ್ಸೂ ರಾಜ್ಯದೊಳಗಿನದು. ಸೊಲ್ಲಾಪುರವಾದರೆ ಕುಷ್ಟಗಿ ಮುಂದಿನ ಹೆದ್ದಾರಿಯೇ ಹುನಗುಂದ, ವಿಜಯಪುರದ ಮೇಲೆ ನೇರ ಹೋಗುತ್ತದೆ. ಗೋವಾಕ್ಕೆ ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಘಟ್ಟ ಇಳಿಯಬೇಕು. ಮನೆಯಲ್ಲಿ ಮುದುಕಿ ಬಿದ್ದಳೆಂದು ಫೋನ್ ಬಂದ ದಿನ ಈ ಅಂತರ ತಿಳಿಯುತ್ತದೆ.

ಇನ್ನು ಎಲ್ಲಿಗೇ ಹೋದರೂ ಹೊಲ ಮಾರಬಾರದು. ಪಾಲಿಗೆ ಕೊಡಿ, ಬೀಳು ಬಿಡಿ, ಮಾರಬೇಡಿ. 2020ರಲ್ಲಿ ಊರು ಊರುಗಳಿಂದ ನಡೆದುಕೊಂಡು ಬಂದವರು ತಿರುಗಿ ಬಂದು ನಿಂತದ್ದು ಎಲ್ಲಿ? ನಾವೇ ಬರಡು ಎಂದು ಬೈದ ಹೊಲದಲ್ಲೇ.

ಇಷ್ಟು ಹೇಳಿ ನಾನು ಗೆದ್ದೆ ಅಂದುಕೊಂಡಿದ್ದೆ. ತಮ್ಮನ ಹೆಂಡತಿ ಅಡಿಗೆ ಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಭಾವಾರ, ನಿಮ್ಮ ಲೆಕ್ಕ ಖರೇ ಐತ್ರಿ. ಒಬ್ಬರು ಹೋದ್ರ ರೊಕ್ಕ ಉಳೀತೈತಿ. ಏಳು ತಿಂಗಳು ಈ ಎರಡು ಮಕ್ಕಳು, ಅತ್ತಿ, ದನ, ಹೊಲ, ಎಲ್ಲಾ ನಾ ಒಬ್ಬಾಕಿ ನೋಡಬೇಕಲ್ರಿ? ಅದನ್ಯಾಕ ಬರೀಲಿಲ್ಲ? ಗೋವಾದಾಗ ನಮ್ಮ ಅಕ್ಕ ಅದಾಳ, ಒಂದು ಮಾತಿಗರೆ ಆಗ್ತಾಳ" ಅಂದಳು.

ನೋಟ್‌ಬುಕ್ಕಿನಲ್ಲಿ ಆ ಲೆಕ್ಕ ಇರಲಿಲ್ಲ. ನಾವು ಗಂಡಸರು ಕೂತು ಊರು ಆರಿಸುತ್ತೇವೆ, ಅಲ್ಲಿ ನೀರು ತುಂಬುವವಳನ್ನು, ಇಲ್ಲಿ ಹಿಂದೆ ಉಳಿಯುವವಳನ್ನು ಕೇಳುವುದಿಲ್ಲ. ನನ್ನ ಹೆಂಡತಿಯನ್ನು 2003ರಲ್ಲಿ ನಾನು ಕೇಳಿದ್ದೆನೇ? ಇಲ್ಲ.

ಕೊನೆಗೆ ಆದ ತೀರ್ಮಾನ ಇದು. ಈ ವರ್ಷ ತಮ್ಮ ಒಬ್ಬನೇ ಗೋವಾಕ್ಕೆ ಹೋಗುತ್ತಾನೆ. ದನ ನಮ್ಮ ಕೊಟ್ಟಿಗೆಗೆ ಬರುತ್ತವೆ, ಅವ್ವ ನಮ್ಮ ಮನೆಯಲ್ಲಿ ಇರುತ್ತಾಳೆ, ತೊಗರಿ ರಾಶಿ ನನ್ನ ಜವಾಬ್ದಾರಿ. ಮಗಳ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಮ್ಮನ ಹೆಂಡತಿಯೇ ಹೋಗಿ ಎರಡೂ ಊರು ನೋಡಿ ಬರಬೇಕು. ಅಕ್ಕನ ಮನೆಯಲ್ಲಿ ನಾಲ್ಕು ದಿನ, ಸೊಲ್ಲಾಪುರದಲ್ಲಿ ನಾಲ್ಕು ದಿನ. ಅವಳು ಹೇಳಿದ ಊರೇ ಊರು. ನಾನಂತೂ ಸೊಲ್ಲಾಪುರ ಅನ್ನುತ್ತೇನೆ, ಆದರೆ ಇನ್ನು ಬಾಯಿ ಬಿಡುವುದಿಲ್ಲ.

ನಿಮ್ಮ ಕಡೆ ಸಂಸಾರ ಒಯ್ದವರು ಇದ್ದರೆ ಪತ್ರಿಕೆಗೆ ಬರೆಯಿರಿ. ಪಗಾರ ಎಷ್ಟೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಜಾಗ ಯಾರದು, ಸಾಲಿ ಎಷ್ಟು ದೂರ, ಮನೆಯಾಕೆ ಏನಂದಳು, ಇವನ್ನು ಬರೆಯಿರಿ. ಮುಂದಿನ ವರ್ಷ ಯಾವ ಕಡಿಗೆ ಎಂದು ಕಟ್ಟೆ ಮೇಲೆ ಕೂತವರಿಗೆ ಅದೇ ಬೇಕಾಗಿರುವುದು.