ನಮ್ಮೂರ ಚರಿತ್ರೆ ಲಂಡನ್‌ನಲ್ಲಿದೆ. ಓದೋಕೆ ಹೋಗ್ತೀನಿ ಅಂದರೆ ಸ್ಕಾಲರ್‌ಶಿಪ್ ಇಲ್ಲ

2023ರ ಏಪ್ರಿಲ್, ಈಸ್ಟರ್ ರಜೆ. ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದ ನಾನು ಎರಡು ದಿನಕ್ಕೆಂದು ಲಂಡನ್ ನೋಡಲು ಹೋದೆ. ರಾತ್ರಿ ಬಸ್ಸು, ಎಂಟು ಜನ ಮಲಗುವ ಹಾಸ್ಟೆಲ್ ಕೋಣೆ, ಬ್ಯಾಗಿನಲ್ಲಿ ಯಳಂದೂರಿನಿಂದ ಬಂದ ಚಟ್ನಿಪುಡಿ. ಮೊದಲ ದಿನ ಎಲ್ಲರೂ ಮಾಡೋದನ್ನೇ ಮಾಡಿದೆ: ಟವರ್ ಬ್ರಿಡ್ಜ್, ಥೇಮ್ಸ್ ದಂಡೆ, ಬಿಗ್ ಬೆನ್ ಮುಂದೆ ಸೆಲ್ಫಿ.

ಎರಡನೇ ದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅಲ್ಲಿ ಪ್ರವೇಶ ಉಚಿತ, ಅಷ್ಟೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಟಿಪ್ಪುವಿನ ಹುಲಿ ಇತ್ತು. ಮರದ ಹುಲಿ, ಅದರ ಕೆಳಗೆ ಮಲಗಿರುವ ಯುರೋಪಿನ ಸಿಪಾಯಿ, ಹೊಟ್ಟೆಯೊಳಗೆ ಆರ್ಗನ್ ವಾದ್ಯ. 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಿಂದ ಹೊತ್ತೊಯ್ದದ್ದು. ಶಾಲಾ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು.

ರಾತ್ರಿ ಅಮ್ಮ ಫೋನ್ ಮಾಡಿ "ಏನೇನ್ ನೋಡ್ದೆ ಮೊಗಾ?" ಅಂದಳು. ಟಿಪ್ಪು ಹುಲಿ ನೋಡಿದೆ ಅಂದೆ. "ಅದ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂತ ನಕ್ಕಳು. ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.

ಯಾಕೆಂದರೆ ಆ ಹುಲಿಗೂ ನಮ್ಮೂರಿಗೂ ನೇರ ಸಂಬಂಧವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಮೈಸೂರನ್ನು ಹಂಚಿಕೊಂಡರು. ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೂ ಅದು ಮದ್ರಾಸಿನ ಕೈಯಲ್ಲೇ ಇತ್ತು. ಈಚೆಗೆ ಪ್ರತ್ಯೇಕ ತಾಲ್ಲೂಕಾದ ಹನೂರು ಆಗ ಕೊಳ್ಳೇಗಾಲದ ಜೊತೆಗೇ ಇತ್ತು. ಯಳಂದೂರು ಮಾತ್ರ ಮೈಸೂರಿನಲ್ಲಿ ಉಳಿಯಿತು. ಟಿಪ್ಪುವಿನ ಕಾಲದಲ್ಲೂ, ಟಿಪ್ಪು ಸತ್ತ ಮೇಲೂ ಅಧಿಕಾರದಲ್ಲಿದ್ದ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಅದು ಜಹಗೀರಾಗಿ ಸಿಕ್ಕಿತು. ಇವತ್ತು ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ದಾರಿ, ಒಂದೂವರೆ ಶತಮಾನ ಎರಡು ಬೇರೆ ಆಡಳಿತಗಳ ನಡುವಿನ ಗಡಿಯಾಗಿತ್ತು.

ಟಿಪ್ಪು ಜಯಂತಿ ಬೇಕೋ ಬೇಡವೋ ಅಂತ ನಾವು ವರ್ಷಗಟ್ಟಲೆ ಕಿತ್ತಾಡಿದ್ದೇವೆ. 2015ರಲ್ಲಿ ಒಂದು ಸರ್ಕಾರ ಆಚರಣೆ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ಆದರೆ ನನ್ನ ಕೇರಿಯವರಿಗೆ ಬೇಕಿರುವ ಪ್ರಶ್ನೆಗಳೇ ಬೇರೆ. ಜಹಗೀರಿನ ಗದ್ದೆಯಲ್ಲಿ ಉತ್ತವರು ಯಾರು? ಗಡಿಯಾಚೆ ಮದ್ರಾಸಿನ ರೈತವಾರಿ ಪದ್ಧತಿಯಲ್ಲಿ ಪಟ್ಟಾ ಯಾರ ಹೆಸರಿಗಾಯಿತು? ಒಂದೇ ಜಾತಿಯ, ಒಂದೇ ನೆಂಟಸ್ತಿಕೆಯ ಜನ ಎರಡು ಕಡೆ ಎಷ್ಟೆಷ್ಟು ಜಮೀನು ಕಂಡರು?

ಇದಕ್ಕೆಲ್ಲ ಉತ್ತರ ಹುಡುಕುವವರು ಚೆನ್ನೈ, ಮೈಸೂರು, ಬೆಂಗಳೂರಿಗೂ ಹೋಗಬೇಕು, ಲಂಡನ್ನಿಗೂ ಹೋಗಬೇಕು. ಕಂಪನಿ ಆಡಳಿತದ ಕಾಗದಪತ್ರಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಯುದ್ಧ ಮುಗಿದ ಕೂಡಲೇ ಮೈಸೂರಿನ ಸರ್ವೆಗೆ ಇಳಿದ ಕಾಲಿನ್ ಮೆಕೆಂಜಿಯ ಸಂಗ್ರಹದ ದೊಡ್ಡ ಭಾಗವೂ ಅಲ್ಲೇ ಇದೆ.

ಆದರೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2022ರಲ್ಲಿ ತನ್ನ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಮಾರ್ಗಸೂಚಿಗೆ ಒಂದು ಸಾಲು ಸೇರಿಸಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜ ಅಧ್ಯಯನದ ವಿಷಯಗಳಿಗೆ ಈ ವೇತನ ಸಿಗುವುದಿಲ್ಲ. ಯೋಜನೆ ಇರುವುದು ಮುಖ್ಯವಾಗಿ ಪರಿಶಿಷ್ಟ ಜಾತಿಯ, ಜೊತೆಗೆ ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದ ಮಕ್ಕಳಿಗೆ. ವರ್ಷಕ್ಕೆ 125 ಸೀಟು. ನನ್ನ ವಿಷಯ ಆರೋಗ್ಯವಾದ್ದರಿಂದ ಈ ಸಾಲು ನನಗೆ ಅಡ್ಡ ಬರಲಿಲ್ಲ. ಆದರೆ ಹನೂರಿನ ಒಬ್ಬ ದಲಿತ ಹುಡುಗಿ ತನ್ನ ಅಜ್ಜನ ಊರಿನ ಜಮೀನಿನ ಚರಿತ್ರೆ ಓದಲು ಹೊರಟರೆ ಅಡ್ಡ ಬರುತ್ತೆ.

ಸರ್ಕಾರದ ವಾದ ಹೀಗಿದೆ: ಭಾರತದ ಬಗ್ಗೆ ಓದಲು ಭಾರತದಲ್ಲೇ ಒಳ್ಳೆಯ ಸಂಸ್ಥೆಗಳು, ಬೇಕಾದಷ್ಟು ಆಕರಗಳು ಇವೆ, ಇರುವ ಹಣ ಬೇರೆ ವಿಷಯಗಳಿಗೆ ಹೋಗಲಿ. ಈ ಮಾತನ್ನು ಪೂರ್ತಿ ತಳ್ಳಿಹಾಕೋಕಾಗಲ್ಲ. ಎಂಜಿನಿಯರಿಂಗ್, ವೈದ್ಯಕೀಯಕ್ಕೂ ನಮ್ಮ ಮಕ್ಕಳು ಹೋಗಬೇಕು. ಆದರೆ ಈ ನಿಯಮ ಕಟ್ಟಿಹಾಕುವುದು ಸರ್ಕಾರದ ಹಣ ನೆಚ್ಚಿಕೊಂಡವರನ್ನು ಮಾತ್ರ. ಅಪ್ಪನ ಹಣದಲ್ಲಿ ಹೋಗುವವರು ಆಕ್ಸ್‌ಫರ್ಡಿನಲ್ಲಿ ಕೂತು ಜಾತಿಯ ಬಗ್ಗೆ ಪಿಎಚ್‌ಡಿ ಬರೆಯಬಹುದು. ಜಾತಿ ಉಂಡವರ ಮಕ್ಕಳು ಬರೆಯೋಕಾಗಲ್ಲ. ಹಾಗಾದರೆ ನಮ್ಮ ಚರಿತ್ರೆ ಬರೆಯುವವರು ಯಾರು?

ಆ ಎರಡನೇ ದಿನ ಸಂಜೆ ನಾನು ಕಿಂಗ್ ಹೆನ್ರೀಸ್ ರಸ್ತೆಗೂ ಹೋಗಿದ್ದೆ. 10ನೇ ನಂಬರಿನ ಮನೆ. 1921-22ರಲ್ಲಿ ಬಾಬಾಸಾಹೇಬರು ಅಲ್ಲಿದ್ದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡಿತು. ಗೋಡೆಯ ಮೇಲಿನ ನೀಲಿ ಫಲಕದ ಕೆಳಗೆ ಸುಮ್ಮನೆ ನಿಂತಿದ್ದೆ. ಅಂಬೇಡ್ಕರ್ ವಿದೇಶಕ್ಕೆ ಹೋಗಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ. 1916ರಲ್ಲಿ ಕೊಲಂಬಿಯಾದಲ್ಲಿ ಮಂಡಿಸಿದ ಪ್ರಬಂಧದ ವಿಷಯ ಭಾರತದ ಜಾತಿಗಳು. ವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ ಬಿಟ್ಟು ಬರಬೇಕಾಯಿತು. ಹಣ ಹೊಂದಿಸಿಕೊಂಡು 1920ರಲ್ಲಿ ಮತ್ತೆ ಹೋದರು. ಜಾತಿಯ ಹುಟ್ಟನ್ನು ವಿದೇಶದಲ್ಲಿ ಕೂತು ಓದುತ್ತೇನೆ ಅಂತ ಇವತ್ತು ಅರ್ಜಿ ಹಾಕಿದರೆ, 2022ರ ಸಾಲಿನ ಪ್ರಕಾರ ಅದು ತಿರಸ್ಕಾರಕ್ಕೆ ಯೋಗ್ಯ.

ಹಣದ ಕಥೆಯೂ ಬದಲಾಗಿಲ್ಲ. 2025ರ ಜುಲೈನಲ್ಲಿ ಇದೇ ಯೋಜನೆಗೆ 106 ಮಂದಿ ಆಯ್ಕೆಯಾದರು. ಮೊದಲಿಗೆ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದ 66 ಜನಕ್ಕೆ ಹಣ ಲಭ್ಯವಾದರೆ ಕೊಡುತ್ತೇವೆ ಅಂದಿತು ಸಚಿವಾಲಯ. ಸೆಪ್ಟೆಂಬರಿನಲ್ಲಿ ಕ್ಲಾಸು ಶುರುವಾಗುವ ಹುಡುಗರಿಗೆ ಜುಲೈನಲ್ಲಿ ಹೇಳುವ ಮಾತಾ ಇದು? ವೀಸಾಕ್ಕೆ ಖಾತೆಯಲ್ಲಿ ಹಣ ತೋರಿಸಬೇಕು, ಸೀಟು ಉಳಿಸಿಕೊಳ್ಳಲು ಮುಂಗಡ ಕಟ್ಟಬೇಕು. ಸಾಲ ಕೊಡುವವರು ಮೊದಲು ಕೇಳುವುದೇ ಜಮೀನಿನ ಪತ್ರ. ನಮ್ಮಂಥವರ ಹತ್ತಿರ ಇಲ್ಲದೇ ಇರೋದು ಅದೇ.

ಹಾಗಾಗಿ ಕೇಳಬೇಕಿರೋದು ಎರಡೇ. 2022ರಲ್ಲಿ ಸೇರಿಸಿದ ಆ ಸಾಲನ್ನು ತೆಗೆಯಿರಿ. ಆಯ್ಕೆಪಟ್ಟಿ ಪ್ರಕಟಿಸುವ ಮೊದಲೇ ಅಷ್ಟೂ ಜನರ ಹಣವನ್ನು ತೆಗೆದಿಡಿ. ಚಾಮರಾಜನಗರ ಮೀಸಲು ಲೋಕಸಭಾ ಕ್ಷೇತ್ರ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಅದರೊಳಗೇ ಇವೆ. ಮುಂದಿನ ಸಲ ಮತ ಕೇಳಿಕೊಂಡು ಕೇರಿಗೆ ಬಂದವರಿಗೆ, ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳೋಣ.