ಓದುವ ದೀಪಕ್ಕೆ ಎಣ್ಣೆ ಯಾರದು? ಭಾವೂರಾವ್ ಪಾಟೀಲರ ಶಾಲೆ ಮತ್ತು ಬಡ ವಿದ್ಯಾರ್ಥಿಯ ಪ್ರಶ್ನೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನವು ಪ್ರಾಚೀನ ಕರ್ನಾಟಕದ ವಿದ್ಯಾಭ್ಯಾಸವನ್ನು ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ಪ್ರದೇಶಗಳಿಂದ ಬಂದ ವಿದ್ಯಾರ್ಥಿಗಳು ತಂಗಲು ಮನೆಗಳೂ ದೀಪದ ವೆಚ್ಚಕ್ಕೆ ಭೂಮಿಯೂ ಆ ಶಾಲೆಗೆ ದತ್ತಿಯಾಗಿ ದೊರೆತವು. ದೀಪಕ್ಕಾಗಿಯೇ ಪ್ರತ್ಯೇಕವಾಗಿ ಭೂಮಿ ಬಿಟ್ಟ ಸಂಗತಿ ಗಮನಾರ್ಹವಾದುದು. ಓದುವವನಿಗೆ ಗುರುವಿನಷ್ಟೇ ಸೂರೂ ಅನ್ನವೂ ಇರುಳಿನ ಬೆಳಕೂ ಬೇಕು, ಅವುಗಳ ವೆಚ್ಚವನ್ನು ಓದುವವನ ಮೇಲೆ ಹೊರಿಸಬಾರದು ಎಂಬ ತಿಳಿವಳಿಕೆ ಈ ನೆಲದಲ್ಲಿ ಸಾವಿರ ವರ್ಷಗಳಿಗೂ ಹಳೆಯದು. ಆದರೆ ಆ ದೀಪದ ಬೆಳಕು ಬಿದ್ದದ್ದು ಅಧ್ಯಯನದ ಅಧಿಕಾರವನ್ನು ಹುಟ್ಟಿನಿಂದಲೇ ಪಡೆದಿದ್ದ ಕೆಲವರ ಮೇಲೆ ಮಾತ್ರ. ಶಾಲೆಗಾಗಿ ದತ್ತಿ ಬಿಟ್ಟ ಹೊಲವನ್ನು ಉತ್ತವನ ಮಗನಿಗೆ ಆ ಶಾಲೆಯ ಬಾಗಿಲು ತೆರೆದಿರಲಿಲ್ಲ.

ಇಂದು ಬಾಗಿಲು ತೆರೆದಿದೆ. ದೀಪದ ಪ್ರಶ್ನೆ ಮಾತ್ರ ಉಳಿದಿದೆ. ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನ ಕೂಲಿಕಾರರ ಮಗಳು, ಗಾರೆಕೆಲಸದವರ ಮಗ ಹೆಚ್ಚು ಅಂಕ ಗಳಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಬಡತನವನ್ನು ಗೆದ್ದ ಪ್ರತಿಭೆ ಎಂದು ಆ ಮಕ್ಕಳನ್ನು ಕೊಂಡಾಡಲಾಗುತ್ತದೆ. ಕೊಂಡಾಟ ತಪ್ಪಲ್ಲ. ಆದರೆ ಒಬ್ಬ ಬಾಲಕ ಬೀದಿದೀಪದ ಕೆಳಗೆ ಓದಿ ತೇರ್ಗಡೆಯಾದನೆಂದು ಹಿಗ್ಗುವ ಸಮಾಜವು, ಅದೇ ಬೀದಿಯಲ್ಲಿ ಓದಲಾರದೆ ಉಳಿದ ಉಳಿದ ಮಕ್ಕಳ ಲೆಕ್ಕವನ್ನು ಕೇಳುವುದಿಲ್ಲ. ಬಡ ವಿದ್ಯಾರ್ಥಿಯ ಯಶಸ್ಸನ್ನು ಪವಾಡವೆಂದು ಬಣ್ಣಿಸುವುದು ಶಾಲೆಯ ಹೊಣೆಯನ್ನು ಮಗುವಿನ ಹೆಗಲಿಗೆ ದಾಟಿಸುವ ಸುಲಭ ಉಪಾಯ. ಶಾಲೆಯನ್ನು ನಡೆಸುವವರ ನಿಜವಾದ ಕೆಲಸ ಅಂಥ ಪವಾಡದ ಅಗತ್ಯವನ್ನೇ ಇಲ್ಲವಾಗಿಸುವುದು. ಈ ಮಾತನ್ನು ಬದುಕಿ ತೋರಿಸಿದವರಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು ಪ್ರಮುಖರು. ಮರಾಠಿ ನಾಡಿನಲ್ಲಿ ಮನೆಮಾತಾಗಿರುವ ಈ ಹೆಸರು ಕನ್ನಡದ ಓದುಗರಿಗೆ ಇನ್ನೂ ಅಷ್ಟಾಗಿ ಪರಿಚಿತವಾಗಿಲ್ಲ.

ಭಾವೂರಾವ್ ಪಾಟೀಲರು 1887ರ ಸೆಪ್ಟೆಂಬರ್ 22ರಂದು ಕೊಲ್ಹಾಪುರದ ಸಮೀಪದ ಕುಂಭೋಜದಲ್ಲಿ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಕುಂಭೋಜದ ಬಳಿಯ ಬಾಹುಬಲಿ ಕ್ಷೇತ್ರ ಕನ್ನಡ ಜೈನರಿಗೂ ಪರಿಚಿತವಾದ ತಾಣ. ಅವರ ಪೂರ್ವಿಕರು ಮೂಡುಬಿದಿರೆಯ ಕಡೆಯಿಂದ ಬಂದವರೆಂದು ಜೀವನಚರಿತ್ರೆಗಳು ಹೇಳುತ್ತವೆ. ಕೊಲ್ಹಾಪುರ, ಸಾಂಗ್ಲಿ ಭಾಗದ ಜೈನ ಒಕ್ಕಲು ಮನೆತನಗಳಿಗೂ ಬೆಳಗಾವಿ, ಚಿಕ್ಕೋಡಿ ಕಡೆಯವರಿಗೂ ಇಂದಿಗೂ ಉಳಿದಿರುವ ನಂಟಸ್ತಿಕೆಯನ್ನು ಬಲ್ಲವರಿಗೆ ಇದು ಅಚ್ಚರಿಯ ಸಂಗತಿಯಲ್ಲ.

ಸಾವಿರಾರು ಮಕ್ಕಳಿಗೆ ಶಾಲೆ ಕಟ್ಟಿಕೊಟ್ಟ ಈ ವ್ಯಕ್ತಿ ಸ್ವತಃ ಮೆಟ್ರಿಕ್ ಪರೀಕ್ಷೆಯನ್ನು ದಾಟಲಿಲ್ಲ. ಓದಿಗಾಗಿ ಕೊಲ್ಹಾಪುರಕ್ಕೆ ಬಂದು ಜೈನ ವಸತಿಗೃಹದಲ್ಲಿದ್ದಾಗ ನಡೆದ ಒಂದು ಘಟನೆ ಅವರ ಬದುಕಿನ ದಿಕ್ಕನ್ನು ತೋರಿಸುತ್ತದೆ. ಅಸ್ಪೃಶ್ಯರೆನಿಸಿದ ವಿದ್ಯಾರ್ಥಿಗಳಿಗಾಗಿ ಆ ನಗರದಲ್ಲಿ ತೆರೆದ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಅವರು ಹೋಗಿಬಂದರು. ಸ್ನಾನ ಮಾಡಿ ಮಡಿಯಾಗದ ಹೊರತು ಊಟಕ್ಕೆ ಕೂರಿಸಲಾಗದು ಎಂದಾಗ ಅವರು ಒಪ್ಪಲಿಲ್ಲ; ಪರಿಣಾಮವಾಗಿ ವಸತಿಗೃಹವನ್ನು ಬಿಡಬೇಕಾಯಿತು. ಆಗ ಅವರಿಗೆ ಆಸರೆ ದೊರೆತದ್ದು ಶಾಹೂ ಮಹಾರಾಜರ ಬಳಿಯಲ್ಲಿ. 1902ರಲ್ಲಿಯೇ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಹಿಂದುಳಿದವರಿಗೆ ಶೇಕಡ 50ರಷ್ಟು ಮೀಸಲಾತಿಯನ್ನು ಘೋಷಿಸಿ, ಜಾತಿಜಾತಿಗೂ ವಸತಿಗೃಹಗಳನ್ನು ತೆರೆಯಲು ನೆರವಾದ ದೊರೆ ಅವರು. ಆ ವಸತಿಗೃಹಗಳಿಂದ ಭಾವೂರಾವ್ ಅವರು ಒಂದು ಪಾಠ ಕಲಿತರು: ಹಳ್ಳಿಯ ಬಡವನ ಮಗ ಓದಬೇಕಾದರೆ ಪಟ್ಟಣದಲ್ಲಿ ಅವನಿಗೆ ಅನ್ನ ಮತ್ತು ಸೂರು ಮೊದಲು ಬೇಕು. ಅವುಗಳ ಮಿತಿಯನ್ನೂ ಅವರು ಸ್ವಾನುಭವದಿಂದ ಕಂಡರು: ಅನ್ನ ಕೊಡುವ ಮನೆಯೇ ಪಂಕ್ತಿಯಿಂದ ಎಬ್ಬಿಸಬಲ್ಲುದು.

1919ರ ಅಕ್ಟೋಬರ್ 4ರಂದು ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಅವರು ‘ರಯತ್ ಶಿಕ್ಷಣ ಸಂಸ್ಥೆ’ಯನ್ನು ಸ್ಥಾಪಿಸಿದರು. ರಯತ್ ಎಂದರೆ ಒಕ್ಕಲುಮಗ, ಸಾಮಾನ್ಯ ಪ್ರಜೆ. 1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂದಿತು. ಅಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಗಳ ಮಕ್ಕಳೂ ಒಂದೇ ಅಡುಗೆಯನ್ನು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದರು. ಶಾಹೂ ಮಹಾರಾಜರು ಜಾತಿಗೊಂದರಂತೆ ನಡೆಸಿದ್ದ ಪ್ರಯೋಗವನ್ನು ಅವರ ಶಿಷ್ಯ ಒಂದೇ ಸೂರಿನಡಿ ತಂದು ಒಂದು ಹೆಜ್ಜೆ ಮುಂದಿಟ್ಟರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿ ನೀಡಿದಾಗ ಆ ನಿಲಯಕ್ಕೆ ಶಾಹೂ ಅವರ ಹೆಸರನ್ನಿಡಲಾಯಿತು.

ಆ ನಿಲಯದ ದಿನಚರಿ ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮಕ್ಕಳು ಸರದಿಯಂತೆ ಅಡುಗೆ ಮಾಡುತ್ತಿದ್ದರು, ಹೊಲದಲ್ಲಿ ದುಡಿಯುತ್ತಿದ್ದರು, ಕಟ್ಟಡಗಳ ಕೆಲಸಕ್ಕೆ ಕೈಜೋಡಿಸುತ್ತಿದ್ದರು. ಹಳ್ಳಿಗರು ಕೈಲಾದಷ್ಟು ಕಾಳನ್ನು ಕೊಡುತ್ತಿದ್ದರು. ದುಡಿಮೆ ಮತ್ತು ಕಲಿಕೆಯನ್ನು ಬೆಸೆದ ಈ ಕ್ರಮಕ್ಕೆ 1940ರಲ್ಲಿ ಸಾತಾರಾದಲ್ಲಿ ತೆರೆದ ಮಹಾರಾಜ ಸಯಾಜಿರಾವ್ ಪ್ರೌಢಶಾಲೆಯಲ್ಲಿ ವ್ಯವಸ್ಥಿತ ರೂಪ ದೊರೆಯಿತು. ಅದು ಉಚಿತ ವಸತಿಯ ಪ್ರೌಢಶಾಲೆಯಾಗಿತ್ತು. ಅದಕ್ಕೂ ಮೊದಲು, 1935ರಲ್ಲಿಯೇ, ಸಾತಾರಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ಆರಂಭವಾಗಿತ್ತು. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಗಾಡಗೇ ಮಹಾರಾಜರ ಹೆಸರಿನ ಕಾಲೇಜು ತಲೆಯೆತ್ತಿದವು. 1959ರ ಮೇ 9ರಂದು ಅವರು ತೀರಿಕೊಂಡಾಗ ಸಂಸ್ಥೆ ತನ್ನ ಲಾಂಛನವಾದ ಆಲದ ಮರದಂತೆಯೇ ಬಿಳಲುಗಳನ್ನು ಬಿಟ್ಟು ಹರಡಿಕೊಂಡಿತ್ತು.

ಈ ಕಾಲಾನುಕ್ರಮಣಿಕೆಯಲ್ಲಿ ಸಾಮಾನ್ಯವಾಗಿ ಕಣ್ತಪ್ಪುವ ಸಂಗತಿಯೊಂದಿದೆ. ಕಾಲೇಜುಗಳಿಗಿಂತ ಮೊದಲು ಶಿಕ್ಷಕರ ತರಬೇತಿ ಶಾಲೆ ಬಂದಿತು. ಬಡ ಮಕ್ಕಳನ್ನು ಮೇಲೆತ್ತುವ ಕೆಲಸ ಒಬ್ಬ ಮಹಾಪುರುಷನ ಕರುಣೆಯಿಂದ ಸಾಗದು, ಹಳ್ಳಿಯ ಬದುಕನ್ನು ಬಲ್ಲ ನೂರಾರು ಉಪಾಧ್ಯಾಯರು ಬೇಕು ಎಂಬುದನ್ನು ಭಾವೂರಾವ್ ಅರಿತಿದ್ದರು. ನಿಲಯದಲ್ಲಿ ಉಂಡು ಓದಿದ ಹುಡುಗರೇ ಶಿಕ್ಷಕರಾಗಿ, ಮುಖ್ಯೋಪಾಧ್ಯಾಯರಾಗಿ, ಸಂಸ್ಥೆಯ ಆಜೀವ ಸದಸ್ಯರಾಗಿ ಮರಳಿದರು. ಸುಗ್ಗಿಯ ಕಾಲದಲ್ಲಿ ಹುಡುಗನೊಬ್ಬ ಶಾಲೆಗೆ ಬಾರದಿದ್ದರೆ ಅದು ಸೋಮಾರಿತನವಲ್ಲ, ಮನೆಯ ಅಗತ್ಯ ಎಂಬುದನ್ನು ಅಂಥ ಮುಖ್ಯೋಪಾಧ್ಯಾಯನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಜೈನ ಪರಂಪರೆಯು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಕನ್ನಡ ಶಾಸನಗಳಲ್ಲಿ ಈ ಚತುರ್ವಿಧ ದಾನದ ಉಲ್ಲೇಖ ಹೇರಳವಾಗಿದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಸಂಗತಿ. ಭಾವೂರಾವ್ ಅವರ ಶಾಲೆಯನ್ನು ಈ ಪರಿಭಾಷೆಯಲ್ಲಿ ನೋಡಿದರೆ ಆಹಾರವೂ ಅಭಯವೂ ಇಲ್ಲದ ಕಡೆ ಶಾಸ್ತ್ರ ನಿಲ್ಲಲಾರದು ಎಂಬ ಅರ್ಥ ಹೊಳೆಯುತ್ತದೆ. ಪಂಕ್ತಿಯಿಂದ ಎಬ್ಬಿಸಲಾರರು ಎಂಬ ನಂಬಿಕೆಯೇ ಬಡ ವಿದ್ಯಾರ್ಥಿಗೆ ಅಭಯ. ಇಲ್ಲಿ ಇನ್ನೊಂದು ವ್ಯತ್ಯಾಸವೂ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಉಣ್ಣುವ ಅನ್ನದಲ್ಲಿ ವಿದ್ಯಾರ್ಥಿಯ ಬೆವರೂ ಅವನ ಊರಿನ ಕಾಳೂ ಬೆರೆತಾಗ ಆ ಏರಿಳಿತ ಕಡಿಮೆಯಾಗುತ್ತದೆ. ಭಾವೂರಾವ್ ಅವರು ಸ್ವಾವಲಂಬನೆಯನ್ನು ಸಂಸ್ಥೆಯ ವ್ರತವಾಗಿಸಿದ್ದರ ಮರ್ಮ ಇರುವುದು ಇಲ್ಲಿ.

ಈ ಮಾದರಿಯನ್ನು ಪ್ರಶ್ನಿಸದೆ ಒಪ್ಪಿಕೊಳ್ಳಬೇಕಾಗಿಲ್ಲ. ಸಿರಿವಂತರ ಮಗ ಓದುವ ಹೊತ್ತಿನಲ್ಲಿ ಬಡವನ ಮಗ ಹೊಲ ಅಗೆಯಬೇಕೆ ಎಂಬುದು ನ್ಯಾಯವಾದ ಪ್ರಶ್ನೆ. ದುಡಿಮೆಯ ಗೌರವವನ್ನು ಬೋಧಿಸಬೇಕಾದರೆ ಅದನ್ನು ಎಲ್ಲ ಮಕ್ಕಳಿಗೂ ಬೋಧಿಸಬೇಕು. ಬಡವರಿಗಷ್ಟೇ ಬೋಧಿಸಿದಾಗ ಅದು ಶುಲ್ಕದ ಇನ್ನೊಂದು ಹೆಸರಾಗುತ್ತದೆ. ಸ್ವಾವಲಂಬನೆಯ ಮಾತು ಸರ್ಕಾರಗಳಿಗೆ ಕೈತೊಳೆದುಕೊಳ್ಳುವ ನೆಪವೂ ಆಗಬಹುದು. 1948ರಲ್ಲಿ ಸರ್ಕಾರದ ಅನುದಾನ ನಿಂತಾಗ ಸಂಸ್ಥೆಯನ್ನು ಉಳಿಸಿದ್ದು ಜನರ ಬೆಂಬಲವೆಂಬುದು ನಿಜ. ಆ ಅನುದಾನ ಮತ್ತೆ ದೊರೆಯಬೇಕಾಯಿತು ಎಂಬುದೂ ಅಷ್ಟೇ ನಿಜ.

ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದುದು. ನಿಲಯದಲ್ಲಿ ಕಾಳು ಮುಗಿದ ದಿನ ಭಾವೂರಾವ್ ಅವರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಮಂಗಳಸೂತ್ರವನ್ನೇ ಕೊಟ್ಟು ಮಕ್ಕಳಿಗೆ ಉಣಬಡಿಸಿದ ಪ್ರಸಂಗವನ್ನು ಸಭೆಗಳಲ್ಲಿ ಭಕ್ತಿಯಿಂದ ನೆನೆಯುತ್ತಾರೆ. ಒಡವೆಗಳೆಲ್ಲ ಅದಕ್ಕೂ ಮೊದಲೇ ಹೋಗಿದ್ದವು. 1930ರಲ್ಲಿ, ಸಂಸ್ಥೆ ಬೆಳೆಯುವುದನ್ನು ಕಾಣುವ ಮೊದಲೇ, ಆ ತಾಯಿ ತೀರಿಕೊಂಡರು. ಆ ತ್ಯಾಗಕ್ಕೆ ತಲೆಬಾಗಲೇಬೇಕು. ಆದರೆ ಒಬ್ಬ ಹೆಣ್ಣಿನ ಕೊರಳ ತಾಳಿಯಿಂದ ನೂರು ಮಕ್ಕಳ ಊಟ ನಡೆಯಬೇಕಾದ ಸ್ಥಿತಿ ಆದರ್ಶವಲ್ಲ. ಅದು ಸಮಾಜದ ವೈಫಲ್ಯದ ಗುರುತು. ಆ ಪ್ರಸಂಗದಿಂದ ಕಣ್ಣು ಒದ್ದೆಮಾಡಿಕೊಂಡು ಏಳುವವರು ತಮ್ಮ ಊರಿನ ವಸತಿನಿಲಯದ ಉಗ್ರಾಣದಲ್ಲಿ ಇಂದು ಎಷ್ಟು ಅಕ್ಕಿ ಇದೆಯೆಂದು ವಿಚಾರಿಸಿದರೆ ಲಕ್ಷ್ಮೀಬಾಯಿಯವರಿಗೆ ಸಲ್ಲುವ ಗೌರವ ಹೆಚ್ಚು ಅರ್ಥಪೂರ್ಣವಾಗುತ್ತದೆ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ತನ್ನದೇ ಪಾಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಂತ ಸಮುದಾಯದ ವಿರೋಧವನ್ನು ಎದುರಿಸಿದರು. ಧಾರವಾಡದ ಮುರುಘಾಮಠದ, ತುಮಕೂರಿನ ಸಿದ್ಧಗಂಗೆಯ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರಿಂದ ಈ ನಾಡಿನ ಎಷ್ಟೋ ಶಾಲೆ, ಕಚೇರಿ, ನ್ಯಾಯಾಲಯಗಳು ತುಂಬಿವೆ. 2001ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿದ ಮೇಲೆ, 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು ಅನಂತರ ನಾಡಿನಾದ್ಯಂತ ಹಬ್ಬಿತು. ದಾನವಾಗಿದ್ದುದು ಹಕ್ಕಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೂ ಹಕ್ಕು ತಟ್ಟೆಯವರೆಗೆ ತಲುಪಿದರೂ ಮಗುವಿನ ಮನಸ್ಸಿನವರೆಗೆ ತಲುಪಿಸುವ ಕೆಲಸ ಶಾಲೆಯ ಮುಖ್ಯಸ್ಥರದು. ಕಾಯಿದೆ ಮತ್ತು ಸುತ್ತೋಲೆಗಳು ಮಾಡಲಾರದ ಕೆಲವು ಕೆಲಸಗಳಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಬಡ ಕುಟುಂಬದ ಹುಡುಗಿ ಶಾಲೆ ಬಿಡುವ, ಹುಡುಗ ಕೂಲಿಗೆ ಹೋಗುವ ವಯಸ್ಸು ಅಲ್ಲಿಂದಲೇ ಆರಂಭವಾಗುತ್ತದೆ. ಎಂಟನೆಯ ತರಗತಿ ಮುಗಿಸಿದ ಯಾರು ಒಂಬತ್ತಕ್ಕೆ ಸೇರಲಿಲ್ಲ ಎಂದು ಪಟ್ಟಿ ಮಾಡಿ ಆ ಮನೆಯ ಬಾಗಿಲು ತಟ್ಟುವ ಮುಖ್ಯೋಪಾಧ್ಯಾಯಿನಿ ಕಾಯಿದೆ ನಿಂತ ಕಡೆಯಿಂದ ಮುಂದೆ ನಡೆಯುತ್ತಾಳೆ. ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳು ಕೆಲಸ ಹುಡುಕಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುವ ತಿಂಗಳು ಯಾವುದೆಂದು ಶಾಲೆಗೆ ಗೊತ್ತಿರುತ್ತದೆ. ಹೊರಡುವ ಮೊದಲೇ ಮಗುವನ್ನು ಉಳಿಸಿಕೊಳ್ಳುವ ವಸತಿಯ ಏರ್ಪಾಡು ಮಾಡುವುದಕ್ಕೂ, ಮರಳಿ ಬಂದ ಮೇಲೆ ಹಾಜರಾತಿ ಸಾಲದೆಂದು ಬೈಯುವುದಕ್ಕೂ ಇರುವ ಅಂತರವೇ ಎರಡು ಶಾಲೆಗಳ ನಡುವಣ ಅಂತರ. ಸಂಜೆ ಒಂದು ಕೋಣೆಯನ್ನು ತೆರೆದಿಟ್ಟು ದೀಪ ಹಚ್ಚಿ ಒಬ್ಬ ಶಿಕ್ಷಕರನ್ನು ಕೂರಿಸುವುದಕ್ಕೆ ದೊಡ್ಡ ಯೋಜನೆಯ ಅಗತ್ಯವಿಲ್ಲ.

ಬಡ ವಿದ್ಯಾರ್ಥಿಗಳ ವಿಷಯದಲ್ಲಿ ಇಂದಿನ ಶಾಲೆಗಳು ಮಾಡುವ ಎರಡು ತಪ್ಪುಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಫಲದಲ್ಲಿ ಒಂದೇ. ಮೊದಲನೆಯದು, ಈ ಮಕ್ಕಳಿಂದ ಇಷ್ಟೇ ಸಾಧ್ಯ ಎಂದು ತೇರ್ಗಡೆಯ ಅಂಕಗಳಿಗೆ ತೃಪ್ತಿಪಟ್ಟುಕೊಳ್ಳುವುದು. ಎರಡನೆಯದು, ನೆರವು ನೀಡುವಾಗ ಅವರನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ಕು, ಚೀಲಗಳನ್ನು ಕೈಗಿಟ್ಟು ಭಾವಚಿತ್ರ ತೆಗೆಸುವುದು. ಒಂದು ಬುದ್ಧಿಯನ್ನು ಕಡೆಗಣಿಸುತ್ತದೆ, ಇನ್ನೊಂದು ಮಾನವನ್ನು. ಸಾತಾರಾದ ನಿಲಯದಲ್ಲಿ ಎರಡಕ್ಕೂ ಎಡೆಯಿರಲಿಲ್ಲ. ಅಲ್ಲಿನ ಮಕ್ಕಳನ್ನು ಕರುಣೆಯ ಪಾತ್ರರೆಂದು ಯಾರೂ ಕಾಣಲಿಲ್ಲ. ನಾಳೆ ಈ ಶಾಲೆಯನ್ನೇ ನಡೆಸಬೇಕಾದವರೆಂದು ಕಂಡರು. ಅವರಲ್ಲಿ ಹಲವರು ಹಾಗೆಯೇ ನಡೆಸಿದರು.

ಭಾವೂರಾವ್ ಪಾಟೀಲರಿಗೆ 1959ರಲ್ಲಿ ಪದ್ಮಭೂಷಣ ಸಂದಿತು. ಪುಣೆ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಮೆಟ್ರಿಕ್ ಮುಗಿಸದವರಿಗೆ ವಿಶ್ವವಿದ್ಯಾಲಯವು ತಲೆಬಾಗಿದ್ದು ಸಂತೋಷದ ವಿಷಯವೇ. ಆದರೆ ಅವರ ಕೆಲಸವನ್ನು ಅಳೆಯುವ ಸರಿಯಾದ ಅಳತೆಗೋಲು ಬೇರೆ. ಸಾಲೊಟಗಿಯ ಶಾಸನದಲ್ಲಿ ದೀಪಕ್ಕೆ ಬಿಟ್ಟ ಭೂಮಿಯ ಲೆಕ್ಕವಿದೆ. ಇಂದಿನ ಪ್ರತಿಯೊಂದು ಶಾಲೆಯ ಮುಖ್ಯಸ್ಥರೂ ಒಂದು ಲೆಕ್ಕ ಇಡಬೇಕಾಗಿದೆ: ಈ ವರ್ಷ ಶಾಲೆಯಲ್ಲಿ ಎಷ್ಟು ಮಕ್ಕಳು ಹಸಿದು ಕುಳಿತರು, ಎಷ್ಟು ಮಕ್ಕಳಿಗೆ ಸಂಜೆ ಓದಲು ಜಾಗವಿರಲಿಲ್ಲ, ಎಷ್ಟು ಮಂದಿ ಹೇಳದೆ ಕೇಳದೆ ಮಾಯವಾದರು, ಅವರಲ್ಲಿ ಎಷ್ಟು ಮಂದಿಯನ್ನು ಹುಡುಕಿ ಮರಳಿ ಕರೆತರಲಾಯಿತು. ಈ ಲೆಕ್ಕ ಸರಿಯಾಗಿದ್ದರೆ ಅಂಕಗಳ ಲೆಕ್ಕ ತಡವಾಗಿಯಾದರೂ ಸರಿಹೋಗುತ್ತದೆ.